ಸೂಜಿರಂಧ್ರ ಪೆಟ್ಟಿಗೆಯಲ್ಲಿ ಸೂರ್ಯನ ಬಿಂಬ ಸ್ಪಷ್ಟವಾಗುತ್ತಿಲ್ಲ: ಗ್ರಹಣಕ್ಕೆ ಮುನ್ನ ಸರಿಪಡಿಸುವುದು ಹೇಗೆ?

ಪ್ರಶ್ನೆ (ಚಿಂತಾಮಣಿ ತಾಲ್ಲೂಕಿನ ಶಿಕ್ಷಕರು):

2027ರ ಆಗಸ್ಟ್ 2ರ ಸೋಮವಾರ ಸಂಜೆ ನಮ್ಮ ಭಾಗದಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣಲಿರುವುದರಿಂದ, ಪ್ರೌಢಶಾಲೆಯ ಮಕ್ಕಳಿಗೆ ಅದನ್ನು ತೋರಿಸಲು ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ. ಬೂಟಿನ ಡಬ್ಬಿಗೆ ಸೂಜಿಯಿಂದ ರಂಧ್ರ ಮಾಡಿದಾಗ ಬಿಂಬವು ಸಾಸಿವೆ ಕಾಳಿಗಿಂತ ತುಸು ದೊಡ್ಡದಾಗಿ ಮೂಡಿತು. ಬೆಳಕು ಸಾಲದೆಂದು ಮೊಳೆಯಿಂದ ರಂಧ್ರವನ್ನು ಹಿಗ್ಗಿಸಿದೆ; ಈಗ ಕಾಣುವುದು ಅಂಚಿಲ್ಲದ ಮಸುಕು ಚುಕ್ಕೆ ಮಾತ್ರ. 2019ರ ಡಿಸೆಂಬರ್ 26ರ ಗ್ರಹಣಕ್ಕೆ ತಂದಿದ್ದ ಸೌರ ಕನ್ನಡಕಗಳು ನಾಲ್ಕಿವೆ, ಅವನ್ನು ಬಳಸಬಹುದೇ? ತಟ್ಟೆಯಲ್ಲಿ ಅರಿಸಿನದ ನೀರಿಟ್ಟು ಅದರಲ್ಲಿ ನೋಡಿದರೆ ಸಾಕು ಎಂದು ಊರಿನ ಹಿರಿಯರು ಹೇಳುತ್ತಾರೆ.

ಉತ್ತರ (ತುಮಕೂರಿನಿಂದ):

ಮೇಷ್ಟ್ರೇ, ತಾವು ಇಷ್ಟು ಮುಂಚಿತವಾಗಿ ಪರೀಕ್ಷಿಸುತ್ತಿರುವುದು ಬಹಳ ಒಳ್ಳೆಯದು. ದೋಷ ಇರುವುದು ಪೆಟ್ಟಿಗೆಯ ಉದ್ದದಲ್ಲಿ. ರಂಧ್ರದಿಂದ ಪರದೆಗೆ 1 ಮೀಟರ್ ಇದ್ದರೆ ಬಿಂಬ ಸುಮಾರು 9 ಮಿಲಿಮೀಟರ್ ಅಗಲವಾಗುತ್ತದೆ; 30 ಸೆಂಟಿಮೀಟರಿನ ಡಬ್ಬಿಯಲ್ಲಿ 3 ಮಿಲಿಮೀಟರ್ ದಾಟದು. ಅಷ್ಟು ಸಣ್ಣ ಬಿಂಬಕ್ಕೆ ಮೊಳೆಯ ಗಾತ್ರದ ರಂಧ್ರ ಮಾಡಿದರೆ ಪರದೆಯ ಮೇಲೆ ಬೀಳುವುದು ರಂಧ್ರದ ಆಕಾರವೇ.

ಇಡೀ ತರಗತಿಗೆ ತೋರಿಸಬೇಕಾಗಿರುವುದರಿಂದ ಕನ್ನಡಿಯ ವಿಧಾನವೇ ಮೇಲೆಂದು ನನ್ನ ಅಭಿಪ್ರಾಯ. ಕೈಗನ್ನಡಿಯ ಮೇಲೆ ದಪ್ಪ ಕಾಗದ ಅಂಟಿಸಿ, ನಡುವೆ 5 ಮಿಲಿಮೀಟರ್ ಅಗಲದ ತ್ರಿಕೋನವನ್ನು ಕತ್ತರಿಸಿ, ಬಿಸಿಲು ಬೀಳುವ ಜಗಲಿಯಿಂದ ಕತ್ತಲು ಮಾಡಿದ ಕೋಣೆಯ ಗೋಡೆಗೆ ಬೆಳಕನ್ನು ಹಾಯಿಸಿ. ಕನ್ನಡಿಯ ಹತ್ತಿರ ಹಿಡಿದ ಹಾಳೆಯ ಮೇಲೆ ತ್ರಿಕೋನ ಕಾಣುತ್ತದೆ. 10 ಮೀಟರ್ ದೂರದ ಗೋಡೆಯ ಮೇಲೆ ಅದೇ ಬೆಳಕು 9 ಸೆಂಟಿಮೀಟರಿನ ದುಂಡು ಬಿಂಬವಾಗಿರುತ್ತದೆ. ಅದು ಸೂರ್ಯನದೇ ಬಿಂಬ ಎಂಬುದಕ್ಕೆ ಮಕ್ಕಳಿಗೆ ಬೇರೆ ಸಾಕ್ಷಿ ಬೇಡ. ಕನ್ನಡಿಯ ಕಡೆಗೆ ಮಾತ್ರ ಯಾರೂ ಇಣುಕಬಾರದು.

ಕನ್ನಡಕಗಳ ಮೇಲೆ ಐಎಸ್‌ಒ 12312-2 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ ಗುರುತಿದೆಯೇ ನೋಡಿ, ಮೊಬೈಲಿನ ಟಾರ್ಚಿಗೆ ಹಿಡಿದು ಪರೀಕ್ಷಿಸಿ. ಗೀರು, ಮಡಿಕೆ ಅಥವಾ ಚುಕ್ಕೆಯಷ್ಟು ತೂತು ಕಂಡರೂ ಕತ್ತರಿಸಿ ಎಸೆಯಿರಿ. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಯಾವುದೂ ಬೇಡ.

ಅರಿಸಿನದ ನೀರಿನ ವಿಷಯದಲ್ಲಿ ಹಿರಿಯರ ಮನಸ್ಸು ನೋಯಿಸದೆ ತಿಳಿಹೇಳಬೇಕು. ಸೌರ ಕನ್ನಡಕದಲ್ಲಿರುವಂಥ ಒಳ್ಳೆಯ ಸೌರ ಶೋಧಕವು (ಫಿಲ್ಟರ್) ಲಕ್ಷ ಪಾಲು ಬೆಳಕಿನಲ್ಲಿ ಸುಮಾರು ಮೂರು ಪಾಲನ್ನಷ್ಟೇ ಒಳಬಿಡುತ್ತದೆ. ನೀರಿನ ಮೇಲ್ಮೈ ನೆತ್ತಿಯ ಸೂರ್ಯನ ಬೆಳಕಿನಲ್ಲೇ ಲಕ್ಷಕ್ಕೆ ಎರಡು ಸಾವಿರ ಪಾಲನ್ನು ಕಣ್ಣಿಗೆ ಮರಳಿಸುತ್ತದೆ, ಸಂಜೆಯ ಓರೆ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲವಾದ್ದರಿಂದ, ಸುಟ್ಟಾಗಲೂ ಮಗು ಕಣ್ಣು ತೆಗೆಯುವುದಿಲ್ಲ. ಪಾರ್ಶ್ವಗ್ರಹಣದಲ್ಲಿ ಬರಿಗಣ್ಣಿಗೆ ಸುರಕ್ಷಿತವಾದ ಕ್ಷಣ ಒಂದೂ ಇಲ್ಲ.

ಪ್ರಶ್ನೆ ಕೇಳಿದವರು:

ನಮಸ್ಕಾರ, ತಾವು ಹೇಳಿದಂತೆಯೇ ಮಾಡಿದೆ. ತ್ರಿಕೋನ ದುಂಡಾದದ್ದನ್ನು ಕಂಡು ಮಕ್ಕಳು ಬೆರಗಾದರು. ಆದರೆ ಬಿಂಬ ಎರಡೇ ನಿಮಿಷದಲ್ಲಿ ತನ್ನಗಲದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಸರಿಯುತ್ತದೆ, ಕನ್ನಡಿಯೂ ಜಾರುತ್ತದೆ.

ಉತ್ತರ:

ಸರಿಯುವುದು ಭೂಮಿಯ ತಿರುಗುವಿಕೆಯಿಂದ, ಅದನ್ನು ತಡೆಯಲಾಗದು. ಕನ್ನಡಿಯನ್ನು ರಾಗಿ ತುಂಬಿದ ಅಗಲ ಬಟ್ಟಲಿನಲ್ಲಿ ಅರ್ಧ ಹೂತು ನಿಲ್ಲಿಸಿ. ಬೆರಳಿನಿಂದ ತುಸು ಒತ್ತಿದರೆ ಬೇಕಾದ ಕಡೆಗೆ ವಾಲುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ.