ಹಳೇ ಸ್ವಿಫ್ಟ್‌ಗೆ ಪ್ರೊಜೆಕ್ಟರ್ (ಲೆನ್ಸ್ ಮೂಲಕ ಬೆಳಕು ಬಿಡುವ) ಹೆಡ್‌ಲೈಟ್ ಹಾಕಿಸಬಹುದಾ?

ನನ್ನದು 2008ರ ಸ್ವಿಫ್ಟ್. ವಾರಕ್ಕೆರಡು ಸಲ ರಾತ್ರಿ ವಿಜಯಪುರದಿಂದ ಬಾಗಲಕೋಟೆಗೆ ಬರುತ್ತೇನೆ. ಕಬ್ಬಿನ ಸೀಸನ್ ಬಂತೆಂದರೆ ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್‌ಗಳು, ಹತ್ತಿರ ಹೋದ ಮೇಲೇ ಕಾಣುತ್ತವೆ. ಸುಮ್ನೆ ಎಲ್‌ಇಡಿ ಬಲ್ಬ್ ಹಾಕಿದರೆ ಸಾಕಾ?

ಉತ್ತರ 1:
ಬೇಡ ಅಣ್ಣಾ. ನಿಮ್ಮ ರಿಫ್ಲೆಕ್ಟರ್, ಅಂದರೆ ಬಲ್ಬಿನ ಸುತ್ತ ಇರುವ ಹೊಳೆಯುವ ಬಟ್ಟಲು, ಹಳೇ ಹ್ಯಾಲೊಜನ್ ಬಲ್ಬ್‌ಗೆ ಅಂತಲೇ ಮಾಡಿದ್ದು, ಅದರಲ್ಲಿ ಎಲ್‌ಇಡಿ ಕೂರಿಸಿದರೆ ಬೆಳಕು ಎಲ್ಲೆಲ್ಲೋ ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಪ್ರೊಜೆಕ್ಟರ್ ಒಳಗೆ ಒಂದು ತಗಡಿನ ಅಡ್ಡಪಟ್ಟಿ ಇರುತ್ತದೆ, ಮೇಲೆ ಹೋಗುವ ಬೆಳಕನ್ನು ಅದೇ ತಡೆಯುತ್ತದೆ. ಕೊಳ್ಳುವಾಗ ಗೋಡೆಗೆ ಬಿಟ್ಟು ನೋಡಿ, ಬೆಳಕಿನ ಮೇಲಂಚಿನ ಗೆರೆ ಎಡಕ್ಕೆ ಏರಬೇಕು, ನಾವು ಓಡಿಸುವುದು ರಸ್ತೆಯ ಎಡಕ್ಕಲ್ವಾ. ಬಲಕ್ಕೆ ಏರಿದರೆ ಅದು ನಮ್ಮ ರಸ್ತೆಯದ್ದಲ್ಲ.

ಉತ್ತರ 2:
ನಾನು ಬೆಳಗಾವಿಯಲ್ಲಿ ಹಾಕಿಸಿದ್ದೆ. ಹೆಡ್‌ಲೈಟ್ ಬಿಸಿ ಮಾಡಿ ಗ್ಲಾಸ್ ಬಿಚ್ಚಿದರು, ವಾಪಸ್ ಅಂಟಿಸುವಾಗ ನೀರು ತಡೆಯುವ ಅಂಟು (ಸೀಲಂಟ್) ಸರಿಯಾಗಿ ಹಾಕಲಿಲ್ಲ, ಮೊದಲ ಮಳೆಗೇ ಒಳಗೆಲ್ಲ ಹಬೆ. ಬೆಳಗಾವಿ ಮಳೆ ಗೊತ್ತಲ್ವಾ!

ಉತ್ತರ 3:
ಸರ್, ಮೊದಲು ಹಳದಿಯಾದ ಗ್ಲಾಸ್ ಪಾಲಿಶ್ ಮಾಡಿಸಿ, ರಿಲೇ (ಬ್ಯಾಟರಿಯಿಂದ ನೇರ ಲೈಟಿಗೆ ಕರೆಂಟ್ ಕೊಡುವ ಸ್ವಿಚ್) ಹಾಕಿಸಿ. ಹಳೇ ವೈರಿಂಗ್‌ನಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಅಷ್ಟು ಮಾಡಿದರೆ ಈಗಿರುವ 60/55 ವಾಟ್‌ನ (ಹೈಬೀಮ್‌ಗೆ 60, ಲೋಬೀಮ್‌ಗೆ 55) ಎಚ್4 ಹ್ಯಾಲೊಜನ್ ಬಲ್ಬೇ ಎಷ್ಟೋ ಜಾಸ್ತಿ ಬೆಳಗುತ್ತದೆ.

ಪ್ರಶ್ನೆ ಕೇಳಿದವರು:
ಸರಿ, ನಾಳೆ ಪಾಲಿಶ್‌ನಿಂದಲೇ ಶುರು ಮಾಡುತ್ತೇನೆ.