ಶ್ರೀನಾಥ್ ಅವರ 236 ವಿಕೆಟ್ ನಿಜಕ್ಕೂ ಎಷ್ಟು ದೊಡ್ಡದು?

ಗಲ್ಲಿ_ಫೀಲ್ಡರ್:
ನಾನು ಕ್ರಿಕೆಟ್ ನೋಡೋಕೆ ಶುರು ಮಾಡುವ ಹೊತ್ತಿಗೆ ಫಾಸ್ಟ್ ಬೌಲರ್ ಜಾವಗಲ್ ಶ್ರೀನಾಥ್ ಆಡೋದು ಬಿಟ್ಟು ಆಗಲೇ ಮ್ಯಾಚ್ ರೆಫರಿ. ಟಾಸ್ ಹಾಕುವಾಗ ಕ್ಯಾಪ್ಟನ್‌ಗಳ ಪಕ್ಕ ನಿಲ್ಲುವವರು ಅಂತಷ್ಟೇ ಗೊತ್ತು. ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೂ ಬುಮ್ರಾ ಬೌಲಿಂಗ್ ನೋಡ್ತಾ ಕೂತಾಗಲೂ "ನಮ್ಮ ಶ್ರೀನಾಥ್ ಮುಂದೆ ಇದೇನು ಬಿಡೋ" ಅಂತಾರೆ. ಸುಮ್ನೆ ಅಂಕಿಅಂಶ ತೆಗೆದು ನೋಡಿದೆ. 67 ಟೆಸ್ಟ್, 236 ವಿಕೆಟ್, ಸರಾಸರಿ (ಒಂದು ವಿಕೆಟ್‌ಗೆ ಕೊಟ್ಟ ರನ್, ಕಮ್ಮಿ ಇದ್ದಷ್ಟೂ ಒಳ್ಳೇದು) 30.49. ಒಂದು ದಿನದ ಪಂದ್ಯಗಳಲ್ಲಿ 229 ಆಡಿ 315 ವಿಕೆಟ್. ಒಳ್ಳೇದೇ, ಇಲ್ಲ ಅನ್ನಲ್ಲ. ಆದರೆ ಬುಮ್ರಾ ಸರಾಸರಿ 20ರ ಆಸುಪಾಸಿನಲ್ಲಿದೆ ಅಲ್ವಾ? ಇದು ಬರೀ ನಮ್ಮೂರ ಅಭಿಮಾನವಾ, ಅಥವಾ ಸ್ಕೋರ್‌ಕಾರ್ಡ್‌ನಲ್ಲಿ ಕಾಣದ್ದು ಏನಾದರೂ ಇದೆಯಾ? ಆಗ ನೋಡಿದವರು ಹೇಳಿ.

ಕುಕ್ಕರಹಳ್ಳಿ_ಏರಿ:
ಬುಮ್ರಾ ಜೊತೆ ಹೋಲಿಸಿದರೆ ಯಾರೂ ನಿಲ್ಲಲ್ಲ, ಆ ಪಂಚಾಯಿತಿ ಬೇಡ. ಅವರ ಕಾಲದವರ ಜೊತೆ, ಆಮೇಲೆ ಬಂದವರ ಜೊತೆ ಇಟ್ಟು ನೋಡಿ. ಜಹೀರ್ ಸರಾಸರಿ 32.94, ಇಶಾಂತ್ 32.40. ಇಬ್ಬರಿಗೂ 311 ವಿಕೆಟ್, ಆದರೆ ಜಹೀರ್ ಆಡಿದ್ದು 92 ಟೆಸ್ಟ್, ಇಶಾಂತ್ 105. ಶ್ರೀನಾಥ್ 67ಕ್ಕೇ ನಿಲ್ಲಿಸಿದರು.

ಈ 67 ಯಾಕೆ ಅಂತ ಕೇಳಿ. ಮೊದಲ ಟೆಸ್ಟ್ ಆಡಿದ್ದು 1991ರ ನವೆಂಬರ್‌ನಲ್ಲಿ, ಬ್ರಿಸ್ಬೇನ್‌ನಲ್ಲಿ. ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಯಾವಾಗ ಗೊತ್ತಾ? 1994ರ ನವೆಂಬರ್, ಮುಂಬೈ, ವೆಸ್ಟ್ ಇಂಡೀಸ್ ಎದುರು. ಮೂರು ವರ್ಷ! ಅಲ್ಲಿಯವರೆಗೂ ಇಲ್ಲಿ ಟೆಸ್ಟ್ ಅಂದ್ರೆ ಕಪಿಲ್, ಪ್ರಭಾಕರ್, ಜೊತೆಗೆ ಸ್ಪಿನ್ನರ್‌ಗಳು ಕುಂಬ್ಳೆ, ರಾಜು, ಚೌಹಾಣ್. ಮೂರನೇ ಫಾಸ್ಟ್ ಬೌಲರ್‌ಗೆ ಜಾಗವೇ ಇರಲಿಲ್ಲ. ದೇಶದಲ್ಲೇ ಅತಿ ವೇಗದ ಬೌಲರ್, ವಯಸ್ಸು 22ರಿಂದ 25, ಒಬ್ಬ ಫಾಸ್ಟ್ ಬೌಲರ್‌ನ ಒಳ್ಳೇ ವರ್ಷಗಳು, ಮನೆಯಂಗಳದ ಟೆಸ್ಟ್‌ಗಳೆಲ್ಲ ಹೊರಗೇ ಕೂತು ಕಳೆದುಹೋದವು. ಮುಂದೆ 1997ರಲ್ಲಿ ಭುಜ ಕೈಕೊಟ್ಟಿತು. ಆಪರೇಷನ್ ಆಯಿತು, ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಆ ಭುಜದಲ್ಲೇ ವಾಪಸ್ ಬಂದು ಇನ್ನೂ ಐದು ವರ್ಷ ಟೆಸ್ಟ್ ಆಡಿದರು.

ಈಗ 1996ರ ಅಹಮದಾಬಾದ್ ಟೆಸ್ಟ್. ಅಪ್ಪನಿಗೆ ಕೇಳಿ, ಕಣ್ಣು ಅರಳುತ್ತೆ. ದಕ್ಷಿಣ ಆಫ್ರಿಕಾಕ್ಕೆ ಗೆಲ್ಲೋಕೆ ಬೇಕಾಗಿದ್ದು 170 ಮಾತ್ರ. ಕರ್ಸ್ಟನ್, ಕಲಿನನ್, ಕ್ರೋನಿಯೆ ಇದ್ದ ತಂಡ. 105ಕ್ಕೆ ಗಂಟುಮೂಟೆ ಕಟ್ಟಿತು. ಶ್ರೀನಾಥ್ 21 ರನ್‌ಗೆ 6. ಪಿಚ್ ಒಣಗಿ ಬಾಲ್ ಕೆಳಗೆ ಉಳೀತಿತ್ತು. ಎಲ್ಲರೂ ಇದು ಸ್ಪಿನ್ನರ್‌ಗಳ ಕೆಲಸ ಅಂದುಕೊಂಡಿದ್ದರು. ಅವರ ಬಾಲ್ ಪಿಚ್ ಆದಮೇಲೆ ಬಲಗೈ ಬ್ಯಾಟ್ಸ್‌ಮನ್‌ಗೆ ಒಳಕ್ಕೆ ನುಗ್ಗುತ್ತಿತ್ತು, ಆ ವೇಗದಲ್ಲಿ ಒಳಕ್ಕೆ ಬಂದು ಮೇಲೇಳದಿದ್ದರೆ ಬ್ಯಾಟ್ ಇಳಿಸೋದ್ರೊಳಗೆ ಪ್ಯಾಡೋ ಸ್ಟಂಪೋ ಹೋಗಿರುತ್ತೆ. ಇಲ್ಲಿನ ಸತ್ತ ಪಿಚ್‌ಗಳಲ್ಲಿ ಆಡಿಯೂ ಅವರು ನೂರಕ್ಕಿಂತ ಜಾಸ್ತಿ ವಿಕೆಟ್ ತೆಗೆದಿದ್ದಾರೆ, ಸರಾಸರಿ 27ರ ಒಳಗೆ. ಅದು ಹುಡುಗಾಟವಲ್ಲ.

ಎಡಗೈ_ಸ್ಪಿನ್ನು:
ಎಲ್ಲ ಸರಿ, ಇನ್ನೊಂದು ಕಡೆಯನ್ನೂ ಹೇಳಿ ಸ್ವಾಮಿ. ಹೊರದೇಶದಲ್ಲಿ ಸರಾಸರಿ 33 ದಾಟುತ್ತೆ. ಅಲ್ಲಿ ತಾನೇ ಫಾಸ್ಟ್ ಬೌಲರ್‌ಗೆ ಪಿಚ್ ಸಿಗೋದು? ಒಂದು ವಿಕೆಟ್‌ಗೆ ಶ್ರೀನಾಥ್‌ಗೆ 64 ಬಾಲ್ ಬೇಕಾಯ್ತು, ಜಹೀರ್‌ಗೆ ಸುಮಾರು 60. ಇಡೀ ಜೀವನದಲ್ಲಿ ಒಂದು ಪಂದ್ಯದಲ್ಲಿ ಹತ್ತು ವಿಕೆಟ್ ಬಂದಿದ್ದು ಒಂದೇ ಸಲ. ನಾನೂ ಕರ್ನಾಟಕದವನೇ, ಹಾಗಂತ ಲೆಕ್ಕ ಬದಲಾಗಲ್ಲ.

ಹಳೇ_ಸ್ಕೋರ್‌ಬುಕ್:
ಎಡಗೈ ಅವರೇ, ಆ "ಒಂದೇ ಸಲ" ಯಾವುದು ಅಂತ ಹೇಳದೆ ಮುಂದೆ ಹೋಗಿಬಿಟ್ಟಿರಿ!

1999ರ ಫೆಬ್ರವರಿ, ಈಡನ್ ಗಾರ್ಡನ್ಸ್, ಎದುರಾಳಿ ಪಾಕಿಸ್ತಾನ. ಹೊಸ ಬಾಲ್‌ನಲ್ಲಿ 26 ರನ್‌ಗೇ ಅವರ 6 ವಿಕೆಟ್ ಬಿದ್ದಿತ್ತು. ಮೊಯಿನ್ ಖಾನ್ 70 ಹೊಡೆದು 185ರವರೆಗೆ ಎಳೆದುಕೊಂಡು ಹೋದರು. ಶ್ರೀನಾಥ್ ಮೊದಲ ಇನಿಂಗ್ಸ್‌ನಲ್ಲಿ 46 ರನ್‌ಗೆ 5, ಎರಡನೆಯದರಲ್ಲಿ 86ಕ್ಕೆ 8. ಒಟ್ಟು 13. ಎರಡನೇ ಇನಿಂಗ್ಸ್‌ನಲ್ಲಿ ಸಯೀದ್ ಅನ್ವರ್ ಒಂದು ತುದಿಯಲ್ಲಿ ಕೂತು 188 ನಾಟೌಟ್ ಹೊಡೀತಿದ್ದರೆ ಇವರು ಇನ್ನೊಂದು ತುದಿಯನ್ನು ಖಾಲಿ ಮಾಡುತ್ತಲೇ ಇದ್ದರು. ಇಷ್ಟಾದರೂ ನಾವು 46 ರನ್‌ನಿಂದ ಸೋತೆವು. 13 ವಿಕೆಟ್ ತೆಗೆದವರ ಪಂದ್ಯ ಅಂತ ಯಾರೂ ಅದನ್ನು ನೆನೆಯಲ್ಲ. ಶೋಯೆಬ್ ಸತತ ಎರಡು ಬಾಲ್‌ನಲ್ಲಿ ದ್ರಾವಿಡ್, ಸಚಿನ್ ಇಬ್ಬರನ್ನೂ ಬೌಲ್ಡ್ ಮಾಡಿದ್ದು, ಎರಡನೇ ಇನಿಂಗ್ಸ್‌ನಲ್ಲಿ ಸಚಿನ್ ರನೌಟ್ ಆಗಿದ್ದು, ಗಲಾಟೆಯಾಗಿ ಸ್ಟೇಡಿಯಂ ಖಾಲಿ ಮಾಡಿಸಿದ್ದು, ಅಷ್ಟೇ ಎಲ್ಲರಿಗೂ ನೆನಪಿರೋದು.

ತಮಾಷೆ ಅಂದ್ರೆ ಅದಕ್ಕೆ ಎರಡು ವಾರಕ್ಕೂ ಕಮ್ಮಿ ಮುಂಚೆ, ದೆಹಲಿಯಲ್ಲಿ ಕುಂಬ್ಳೆಗೆ 9 ವಿಕೆಟ್ ಆಗಿದ್ದಾಗ ಇದೇ ಶ್ರೀನಾಥ್ ಒಂದು ಇಡೀ ಓವರ್ ಬ್ಯಾಟ್‌ಗೆ ಸಿಗದ ಹಾಗೆ ದೂರ ದೂರ ಹಾಕಿದರು. ವೈಡ್ ಕೊಡಿಸಿಕೊಂಡರೂ ಪರವಾಗಿಲ್ಲ, ಹತ್ತನೇ ವಿಕೆಟ್ ಕುಂಬ್ಳೆಗೇ ಸಿಗಬೇಕು, ತಮ್ಮ ಬಾಲ್‌ಗೆ ಮಾತ್ರ ಬೀಳಬಾರದು. ಮುಂದಿನ ಓವರ್‌ನಲ್ಲಿ ವಾಸಿಂ ಅಕ್ರಮ್ ಕ್ಯಾಚ್ ಕೊಟ್ಟರು, ಕುಂಬ್ಳೆ 74 ರನ್‌ಗೆ 10. ವಿಕೆಟ್ ತೆಗೀಬೇಡ ಅಂದ್ರೂ ಕಷ್ಟಪಟ್ಟು ತೆಗೆಯದೆ ಇರಬೇಕಾದ ಬೌಲರ್ ಅವರು.

ಹೊರದೇಶದ ಮಾತು ಒಪ್ತೀನಿ. ಒಂದು ವಿಷಯ ಸೇರಿಸಿಕೊಳ್ಳಿ. 90ರ ದಶಕದಲ್ಲಿ ಭಾರತ ಏಷ್ಯಾದ ಹೊರಗೆ ಒಂದೂ ಟೆಸ್ಟ್ ಗೆಲ್ಲಲಿಲ್ಲ. ಇನ್ನೊಂದು ತುದಿಯಲ್ಲಿ ವೆಂಕಟೇಶ್ ಪ್ರಸಾದ್ ಇದ್ದಷ್ಟು ದಿನ ಪರವಾಗಿರಲಿಲ್ಲ. ಆಮೇಲೆ ಇವರೇ ಹೊಸ ಬಾಲ್ ಹಾಕಬೇಕು, ಇವರೇ ಹಳೇ ಬಾಲ್ ಹಾಕಬೇಕು, ರನ್ ಹೋಗ್ತಿದ್ದರೆ ಇವರನ್ನೇ ಕರೆಯಬೇಕು. ಬುಮ್ರಾ ಸುಸ್ತಾದರೆ ಸಿರಾಜ್ ಥರದವರ ಸಾಲು ಇದೆ ಈಗ.

ಗಲ್ಲಿ_ಫೀಲ್ಡರ್:
13 ವಿಕೆಟ್ ತೆಗೆದು ಸೋತಿದ್ದು ಗೊತ್ತೇ ಇರಲಿಲ್ಲ! ಒಂದು ದಿನದ ಪಂದ್ಯಗಳ 315 ಬಗ್ಗೆ ಯಾರೂ ಮಾತಾಡಿಲ್ಲ. ಅದು ಈಗಲೂ ದಾಖಲೆಯಾ?

ಕುಕ್ಕರಹಳ್ಳಿ_ಏರಿ:
ಭಾರತದ ಫಾಸ್ಟ್ ಬೌಲರ್‌ಗಳಲ್ಲಿ ಒಂದು ದಿನದ ಪಂದ್ಯಗಳಲ್ಲಿ 300 ದಾಟಿದವರು ಅವರೊಬ್ಬರೇ. ಅಗರ್ಕರ್ 288ಕ್ಕೆ ನಿಂತರು. ಭಾರತದ ಎಲ್ಲ ಬೌಲರ್‌ಗಳಲ್ಲೂ ಇವರಿಗಿಂತ ಮೇಲೆ ಇರೋದು ಕುಂಬ್ಳೆ ಮಾತ್ರ, 337. ಅಂದ್ರೆ ಮೊದಲೆರಡು ಜಾಗವೂ ಕರ್ನಾಟಕದ್ದೇ, ಅದೂ ಇಬ್ಬರು ಎಂಜಿನಿಯರ್‌ಗಳದು. ಶ್ರೀನಾಥ್ ಓದಿದ್ದು ಇಲ್ಲೇ ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಈಗ ಒಂದು ದಿನದ ಪಂದ್ಯಗಳೇ ಕಮ್ಮಿ, 315 ಸದ್ಯಕ್ಕಂತೂ ಭದ್ರ. ವಿಶ್ವಕಪ್‌ನಲ್ಲಿ 44 ವಿಕೆಟ್ ಇತ್ತು, ಜಹೀರ್ ಸಮ ಮಾಡಿಕೊಂಡರು, 2023ರಲ್ಲಿ ಶಮಿ ದಾಟಿ 55ಕ್ಕೆ ಹೋದರು.

ಎಡಗೈ_ಸ್ಪಿನ್ನು:
2003ರ ವಿಶ್ವಕಪ್ ಫೈನಲ್ಲೂ ಲೆಕ್ಕಕ್ಕೆ ತಗೊಳ್ಳಿ. 10 ಓವರ್, 87 ರನ್, ವಿಕೆಟ್ ಇಲ್ಲ.

ಹಳೇ_ಸ್ಕೋರ್‌ಬುಕ್:
ತಗೊಂಡೆ. ಆ ದಿನ ಆಸ್ಟ್ರೇಲಿಯಾದ ಪಾಂಟಿಂಗ್ 140 ಹೊಡೆದು ಯಾರನ್ನೂ ಬಿಡಲಿಲ್ಲ. ಅದಕ್ಕೆ ಎರಡು ವಾರ ಹಿಂದಿನದನ್ನೂ ನೀವು ತಗೊಳ್ಳಿ. ಜೋಹಾನ್ಸ್‌ಬರ್ಗ್‌ನಲ್ಲಿ ಶ್ರೀಲಂಕಾ 109ಕ್ಕೆ ಆಲೌಟ್, ಶ್ರೀನಾಥ್ 35ಕ್ಕೆ 4, ವಯಸ್ಸು 33. ಟೆಸ್ಟ್ ಬಿಟ್ಟ ಮೇಲೂ ಗಂಗೂಲಿ ಬಿಡದೆ ವಾಪಸ್ ಕರೆಸಿಕೊಂಡಿದ್ದರು. ಆ ವಿಶ್ವಕಪ್‌ನಲ್ಲಿ ಒಟ್ಟು 16 ವಿಕೆಟ್.

ಗಲ್ಲಿ ಅವರೇ, ನೋಡೋದಿದ್ದರೆ ಮೊದಲು ಅಹಮದಾಬಾದ್ ಹೈಲೈಟ್ಸ್ ಹಾಕಿ. ಪಕ್ಕದಲ್ಲಿ ಚಿಕ್ಕಪ್ಪ ಇದ್ದರೆ ಕಾಮೆಂಟರಿ ಮ್ಯೂಟ್ ಮಾಡಿದರೂ ನಡೆಯುತ್ತೆ.