ಸಾಮ್ರಾಜ್ಯ ಹೋದ್ಮೇಲೆ ಬ್ರಿಟನ್ನಿಗೆ ಇನ್ನೇನು ಕೆಲಸ?

ಜಯನಗರದಪ್ಪ: ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿದ್ವಿ, ವಿಕ್ಟೋರಿಯಾ ರಾಣಿ ಪ್ರತಿಮೆ ಹತ್ರ ಮಗಳು "ಅಪ್ಪಾ ಇವ್ರು ಯಾರು, ಇಲ್ಯಾಕಿದಾರೆ" ಅಂದ್ಲು. 1906ರಲ್ಲಿ ನಿಲ್ಸಿದ್ದು, ಕೈಲಿ ರಾಜದಂಡ, ತಲೆ ಮೇಲೆ ಪಾರಿವಾಳ ಕೂತಿತ್ತು. ಹೇಳ್ತಾ ಹೇಳ್ತಾ ನಂಗೇ ಡೌಟು ಬಂತು. ಈ ಬ್ರಿಟನ್ನೋರು 2016ರಲ್ಲಿ 52-48 ಅಂತ ಓಟ್ ಹಾಕಿ ಯೂರೋಪ್ ಬೇಡ ಅಂದ್ರು, 2020ರಲ್ಲಿ ಯೂರೋಪಿಯನ್ ಯೂನಿಯನ್ ಬಿಟ್ಟು ಹೊರಗ್ ಬಂದ್ರು, ಅದೇ ಬ್ರೆಕ್ಸಿಟ್, ಇನ್ಮೇಲೆ ಇಡೀ ಲೋಕನೇ ನಮ್ದು ಅನ್ನೋ ಥರ ಗ್ಲೋಬಲ್ ಬ್ರಿಟನ್ ಅಂತ ಬೋರ್ಡ್ ಹಾಕ್ಕೊಂಡ್ರು, ಈಗ ಮತ್ತೆ ಯೂರೋಪ್ ಜೊತೆನೇ ಮಾತುಕತೆ. ಇವ್ರಿಗೆ ಏನಾಗ್ಬೇಕು ಅಂತಿದೆ?

ಹಳೇ ಮೇಷ್ಟ್ರು: ಬ್ರೆಕ್ಸಿಟ್‌ನಿಂದ ಶುರುವಾಗಿದ್ದಲ್ಲ ಸಾರ್ ಇದು. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಗೋಸ್ಕರ ಅಲ್ಲಿ ಸೈನ್ಯ ಇಳ್ಸಿದ್ರು, ಅಮೆರಿಕ ಸಿಟ್ಟಾಯ್ತು, ಪೌಂಡ್ ಕುಸಿಯೋಕೆ ಶುರುವಾಯ್ತು, ತೆಪ್ಪಗೆ ವಾಪಸ್ ಬಂದ್ರು. ಸಾಮ್ರಾಜ್ಯ ಕಳ್ಕೊಂಡ್ರು, ಹೊಸ ಪಾತ್ರ ಇನ್ನೂ ಸಿಕ್ಕಿಲ್ಲ ಅಂತ ಅಮೆರಿಕದ ಮಾಜಿ ವಿದೇಶಾಂಗ ಮಂತ್ರಿ ಡೀನ್ ಅಚೆಸನ್ 1962ರಲ್ಲೇ ಹೇಳಿಬಿಟ್ರು, ಲಂಡನ್ನಲ್ಲಿ ತುಂಬಾ ಉರಿ ಹತ್ತಿತ್ತು. 1968ರಲ್ಲಿ ಸೂಯೆಜ್‌ನಿಂದ ಪೂರ್ವಕ್ಕಿರೋ ಸೈನ್ಯ ವಾಪಸ್ ಅಂತ ಅಲ್ಲಿನ ಪ್ರಧಾನಿ ವಿಲ್ಸನ್ ಸರ್ಕಾರ ಘೋಷಿಸ್ತು. ದೊಡ್ಡ ಮನೆ ಇದೆ, ಜಮೀನು ಹೋಗಿದೆ, ಆದ್ರೂ ಊರಹಬ್ಬದಲ್ಲಿ ಮೊದಲ ತಾಂಬೂಲ ನಮಗೇ ಬರ್ಬೇಕು ಅನ್ನೋ ಗೌಡ್ರ ಥರ.

ರಿಂಗ್‌ರೋಡ್ ರವಿ: ಅಷ್ಟೊಂದು ಇಳಿಸ್ಬೇಡಿ ಮೇಷ್ಟ್ರೇ. ಭದ್ರತಾ ಮಂಡಳಿಲಿ ವೀಟೋ ಇದೆ, ಅಣ್ವಸ್ತ್ರದ ಸಬ್‌ಮರೀನ್ ನಾಲ್ಕಿವೆ. 2021ರಲ್ಲಿ ಅಮೆರಿಕ, ಆಸ್ಟ್ರೇಲಿಯಾ ಜೊತೆ ಆಕಸ್ ಅಂತ ರಕ್ಷಣಾ ಕೂಟ ಬೇರೆ. ಆದ್ರೆ ದುಡ್ಡಿಗೆ ತತ್ವಾರ ಇದೆ, ಅದು ನಿಜ. ಬಡ ದೇಶಗಳಿಗೆ ಕೊಡೋ ನೆರವು ರಾಷ್ಟ್ರೀಯ ಆದಾಯದ 0.7% ಇತ್ತು, 0.5%ಗೆ ಇಳ್ಸಿದ್ರು, 2027ಕ್ಕೆ 0.3% ಅಂತೆ, ಅದನ್ನ ರಕ್ಷಣೆಗೆ ತಿರುಗಿಸ್ತಾರಂತೆ. ನನ್ನ ಪ್ರಕಾರ ದೊಡ್ಡ ಬದಲಾವಣೆ ಇದೇ, ಲೋಕೋದ್ಧಾರ ಸಾಕು, ಮೊದ್ಲು ಮನೆ ಬಾಗ್ಲು ಕಾಯೋಣ ಅಂತ.

ಆನ್‌ಸೈಟ್ ಅಕ್ಕ: ನಮ್ಮ ಕಡೆಯಿಂದ ನೋಡಿ ಒಂದ್ಸಲ. 2025ರ ಜುಲೈನಲ್ಲಿ ನಮ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸೈನ್ ಹಾಕಿದ್ರಲ್ಲ, ಅದ್ರ ಜೊತೆಗೇ ಇನ್ನೊಂದು ಮಾತು ಒಪ್ಕೊಂಡ್ರು, ಇಲ್ಲಿಂದ ಕಂಪನಿಗಳು ಸ್ವಲ್ಪ ಕಾಲಕ್ಕೆ ಅಂತ ಕಳ್ಸೋ ನೌಕರರು ಅಲ್ಲಿ ಸೋಶಿಯಲ್ ಸೆಕ್ಯುರಿಟಿ, ಅಂದ್ರೆ ಪಿಂಚಣಿ ಗಿಂಚಣಿಗೆ ಅಂತ ಸಂಬಳದಲ್ಲಿ ಹಿಡಿಯೋ ದುಡ್ಡು, ಕಟ್ಬೇಕಿಲ್ಲ ಅಂತ. ನಾನು ಲಂಡನ್ನಲ್ಲಿದ್ದಾಗ ಪೇಸ್ಲಿಪ್ ತೆಗೆದು ನೋಡಿ ಹೊಟ್ಟೆ ಉರ್ಕೊಳ್ತಿದ್ದೆ, ಪಿಂಚಣಿ ಸಿಗೋಷ್ಟು ವರ್ಷ ಅಲ್ಲಿ ಇರೋದೇ ಇಲ್ಲ, ಕಟ್ ಮಾತ್ರ ತಪ್ಪಲ್ಲ. ಹಿಂದೆ ಕಂದಾಯ ಹಾಕೋಕೆ ಬಂದೋರು ಈಗ ರಿಯಾಯಿತಿ ಕೊಟ್ಟು ಕರೀತಿದಾರೆ 😄

ಜಯನಗರದಪ್ಪ: ಅದೇ ಒಪ್ಪಂದದಲ್ಲಿ ಸ್ಕಾಚ್ ಆಮದು ಸುಂಕನೂ 150%ರಿಂದ 75%ಗೆ, ಹತ್ತು ವರ್ಷಕ್ಕೆ 40%ಗೆ ಇಳಿಯುತ್ತಂತಲ್ಲ, ಬೆಂಗ್ಳೂರಲ್ಲಿ ಬಾಟ್ಲಿ ಅಗ್ಗ ಆಗುತ್ತಾ?

ರಿಂಗ್‌ರೋಡ್ ರವಿ: ಅದು ದಿಲ್ಲಿ ಸುಂಕ ಸಾರ್. ಇಲ್ಲಿ ಅಬಕಾರಿ ಇಲಾಖೆ ಇದೆಯಲ್ಲ!